ಮೇಜಿನ ಮೇಲಿಟ್ಟ ಅಚ್ಚು: ದಂತವೈದ್ಯೆ ಡಾ. ದುರ್ಗಾದೇವಿಯವರ ಸೇವೆಯ ದಾರಿ

ಹಲ್ಲಿನ ಡಾಕ್ಟರೆಂದರೆ ಹಲ್ಲು ಕೀಳುವವರು ಎಂದಷ್ಟೇ ತಿಳಿದಿದ್ದ ನಮ್ಮ ಸೀಮೆಯಲ್ಲಿ, ಹಲ್ಲನ್ನು ಸವೆಯದಂತೆ ಕಾಯುವುದೂ ವೈದ್ಯವೇ, ಕೆಟ್ಟ ನಿದ್ದೆಯನ್ನು ನೆಟ್ಟಗೆ ಮಾಡುವುದೂ ಬಾಯಿಯ ವೈದ್ಯರಿಂದ ಆಗಬಹುದಾದ ಕೆಲಸವೇ ಎಂಬುದನ್ನು ಮಾಡಿ ತೋರಿಸಿದವರು ಡಾ. ದುರ್ಗಾದೇವಿಯವರು. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಹೀಗೆ ತಾಲ್ಲೂಕಿನಿಂದ ತಾಲ್ಲೂಕಿಗೆ ವರ್ಗವಾಗುತ್ತ, ಹೋದಲ್ಲೆಲ್ಲ ತಮ್ಮ ಪ್ಲಾಸ್ಟರಿನ ಡಬ್ಬಿ, ಮೇಣದ ಹಾಳೆ ಮತ್ತು ಮನೆಯ ಹಳೆಯ ಪ್ರೆಶರ್ ಕುಕ್ಕರನ್ನು ಹೊತ್ತುಕೊಂಡೇ ಹೋದ ಈ ಮಹನೀಯರು ಈ ವರ್ಷ ಸರ್ಕಾರಿ ಸೇವೆಯಿಂದ ನಿವೃತ್ತರಾಗಿದ್ದಾರೆ. ಅವರ ಕೈಕೆಳಗೆ ಕೆಲಸ ಕಲಿತ ನಾವೆಲ್ಲ ಸೇರಿ ಈ ಅಭಿನಂದನ ಗ್ರಂಥವನ್ನು ಹೊರತರಬೇಕೆಂದು ನಿಶ್ಚಯಿಸಿದಾಗ ಅವರು ಒಪ್ಪಲು ಬಹಳ ದಿನ ಹಿಡಿಯಿತು.

ಒಪ್ಪಿದಾಗಲೂ ಒಂದು ಕರಾರು ಹಾಕಿದರು. "ಬರೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕೊಟ್ಟೂರಿನ ಸುದ್ದಿ ಬಿಟ್ಟು ಬರೀಬ್ಯಾಡ್ರಿ. ಅದನ್ನ ಬಿಟ್ರ ಉಳಿದಿದ್ದೆಲ್ಲ ಸುಳ್ಳಾಗ್ತೈತಿ" ಎಂದರು. ಸನ್ಮಾನದ ಗ್ರಂಥದಲ್ಲಿ ಸನ್ಮಾನಿತರ ತಪ್ಪನ್ನು ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಹಾರ ಹಾಕಲು ಕರೆದು ಕಿವಿ ಹಿಂಡಿದಂತಾದೀತು ಎಂದು ಸಂಪಾದಕ ಮಂಡಳಿಯ ಹಿರಿಯರು ಹಿಂಜರಿದರು. ಆದರೆ ಮೇಡಂ ಅವರ ಹಟ ಎಂಥದೆಂದು ಅವರ ಜೊತೆ ಒಂದು ದಿನ ದುಡಿದವರಿಗೂ ಗೊತ್ತು. ಆದ್ದರಿಂದ ಇಲ್ಲಿ ಹೊಗಳಿಕೆಯೂ ಇದೆ, ಅದೂ ಇದೆ.

ದುರ್ಗಾದೇವಿಯವರು ಹಡಗಲಿ ತಾಲ್ಲೂಕಿನ ಇಟ್ಟಿಗಿಯ ಒಕ್ಕಲುತನದ ಮನೆಯ ಮಗಳು. ತಾಯಿ ಬೊಮ್ಮಮ್ಮನವರಿಗೆ ನಿದ್ದೆಯಲ್ಲಿ ಹಲ್ಲು ಕಡಿಯುವ ಕಾಯಿಲೆಯಿತ್ತು. ಅದು ಕಾಯಿಲೆ ಎಂದು ಆಗ ಯಾರು ತಿಳಿದಿದ್ದರು? "ನಿದ್ದ್ಯಾಗ ಹಲ್ಲು ಕಡಿಯೋಳು ಮನಿ ಮಂದಿ ಆಯುಷ್ಯ ಕಡಿತಾಳ" ಎಂದು ಅತ್ತೆ ಒಂದು ಮಾತು ಆಡಿದ್ದೇ ತಡ, ಸೊಸೆಯ ಹಾಸಿಗೆ ದನಗಳ ಅಂಕಣಕ್ಕೆ ಹೋಯಿತು. ಬೊಮ್ಮಮ್ಮನವರು ಎದುರು ಮಾತಾಡಲಿಲ್ಲ. ನಾಚಿಕೆಯಿಂದ ಅರ್ಧ ರಾತ್ರಿ ಎಚ್ಚರವಿದ್ದು, ಉಳಿದರ್ಧ ಹಲ್ಲು ಕಡಿಯುತ್ತ, ಎತ್ತುಗಳ ಪಕ್ಕದಲ್ಲೇ ವರ್ಷಗಟ್ಟಲೆ ಮಲಗಿದರು. ಅವರ ಹಲ್ಲುಗಳು ಸವೆದು ಸವೆದು ಜೋಳದ ಕಾಳಿನಷ್ಟಾಗಿದ್ದವು. ದಾವಣಗೆರೆಯಲ್ಲಿ ದಂತವೈದ್ಯ ಓದುವಾಗ, ಹಲ್ಲು ಕಡಿಯುವವರಿಗೆ ಅವರವರ ಬಾಯಿಯ ಅಚ್ಚು ತೆಗೆದು ರಾತ್ರಿ ಹಾಕಿಕೊಳ್ಳುವ ಕವಚ ಮಾಡಿಕೊಡಬಹುದು ಎಂಬ ಪಾಠ ಬಂದ ದಿನ, ಮಗಳು ತರಗತಿಯಲ್ಲಿಯೇ ಅತ್ತಳಂತೆ. ಅವರು ತಮ್ಮ ಕೈಯಿಂದ ಮಾಡಿದ ಮೊದಲ ಕವಚ ಹೋದದ್ದು ಇಟ್ಟಿಗಿಗೇ. ಬೊಮ್ಮಮ್ಮನವರ ಹಾಸಿಗೆ ಪಡಸಾಲೆಗೆ ಮರಳಿತು.

ಮುಂದಿನ ಸೇವೆಯೆಲ್ಲ ಈ ಒಂದು ಬೇರಿನಿಂದಲೇ ಚಿಗುರಿದ್ದು ಎಂದರೆ ತಪ್ಪಾಗಲಾರದು. ಹಲ್ಲುನೋವೆಂದು ಬಂದವರನ್ನು ಕೂರಿಸಿ, ಬಾಯಿ ನೋಡುವ ಮೊದಲು "ರಾತ್ರಿ ನಿದ್ದಿ ಹೆಂಗ ಬರ್ತೈತಿ?" ಎಂದು ಕೇಳುವುದು ಅವರ ಕ್ರಮವಾಯಿತು. ಕೀಳಿಸಿಕೊಳ್ಳಲು ಬಂದವರು ಕವಚಕ್ಕೆ ಅಚ್ಚು ಕೊಟ್ಟು ಹೋಗುತ್ತಿದ್ದರು. ಕವಚಕ್ಕೆಂದು ಕಲಸಿದ ಪ್ಲಾಸ್ಟಿಕ್ಕಿನ ಹಿಟ್ಟನ್ನು ಅಚ್ಚಿಗೆ ಬಿಗಿದು ಕುಕ್ಕರಿನಲ್ಲಿಟ್ಟು ಗಟ್ಟಿ ಮಾಡುವಾಗ ಅದು ಸೀಟಿ ಹಾಕಿದರೆ, ಹೊರಗೆ ಬಾಕಿನ ಮೇಲೆ ಕುಳಿತ ಹಿರಿಯರು "ಇವತ್ತೇನ್ ಸಾರ್ರಿ ಮೇಡಂ?" ಎಂದು ಕೂಗಿ ಕೇಳುತ್ತಿದ್ದರು. ತಂಬ್ರಹಳ್ಳಿಯ ಒಬ್ಬ ತಾಯಿ ಹಾಲಿನ ಪಾತ್ರೆಯನ್ನು ಕಾಯಿಸಿ ತೊಳೆದಂತೆ ಕವಚವನ್ನೂ ಕುದಿಯುವ ನೀರಿಗೆ ಹಾಕಿ, ಅದು ಮುರುಟಿಕೊಂಡು ಒಣಮೆಣಸಿನಕಾಯಿಯಂತಾದಾಗ ಅಳುತ್ತ ಬಂದಿದ್ದರು. ಮೇಡಂ ಗದರಲಿಲ್ಲ. "ತಣ್ಣೀರಾಗ ತೊಳೀರಿ ಅಂತ ನಾನ ಹೇಳಬೇಕಿತ್ತು, ಹೇಳಿಲ್ಲ" ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡು ಹೊಸದನ್ನು ಮಾಡಿಕೊಟ್ಟರು. ಹಂಪಸಾಗರದ ಒಬ್ಬರು ಹೊಸ ಕವಚದ ಸಂಭ್ರಮಕ್ಕೆ ಅದನ್ನು ಹಗಲೂ ತೆಗೆಯದೆ ಮದುವೆ ಊಟದ ಪಂಕ್ತಿಯಲ್ಲಿ ಹೋಳಿಗೆಯೊಡನೆ ಜಗಿದು ಬಂದದ್ದೂ ಉಂಟು. ಅವರಿಗೂ ಬೈಗುಳ ಬೀಳಲಿಲ್ಲ. ನಗುವನ್ನು ತಡೆದುಕೊಳ್ಳಲು ಮೇಡಂ ಕಿಟಕಿಯ ಕಡೆ ತಿರುಗಿ ನಿಂತಿದ್ದರಷ್ಟೆ.

ಬಾಯಿ ತೆರೆದು ತೋರಿಸುವುದೆಂದರೆ ಮನುಷ್ಯ ತನ್ನ ಮಾನವನ್ನೇ ಇನ್ನೊಬ್ಬರ ಕೈಗೆ ಕೊಟ್ಟಂತೆ ಎಂದು ಅವರು ಕಿರಿಯರಿಗೆ ಹೇಳಿಕೊಡುತ್ತಿದ್ದರು. ದೀಪದ ಬುಡದಲ್ಲಿ ಕತ್ತಲೆ ಎನ್ನುವ ಮಾತು ಅವರ ಪಾಲಿಗೂ ನಿಜವಾದದ್ದು ದಾವಲ್ ಸಾಬರ ವಿಷಯದಲ್ಲಿ.

ದಾವಲ್ ಸಾಬರು ಕೊಟ್ಟೂರಿನವರು. ಅಲ್ಲಿಯ ಒಂದು ಖಾಸಗಿ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನಿನ ಚಾಲಕರು. ಮೇಲಿನ ಮುಂದಿನ ಎರಡು ಹಲ್ಲಿನ ನಡುವೆ ಅಗಲವಾದ ಕಿಂಡಿ, ಪಕ್ಕದ ಹಲ್ಲಿನ ಮೂಲೆ ಮುರಿದಿದೆ, ಕೋರೆಹಲ್ಲೊಂದು ಇನ್ನೊಂದರ ಮೇಲೆ ಹತ್ತಿ ಕುಳಿತಿದೆ. ಅವರು ನಕ್ಕರೆ ಇಷ್ಟೂ ಒಟ್ಟಿಗೇ ಕಾಣುತ್ತಿತ್ತು, ಅವರು ನಗುತ್ತಲೇ ಇರುತ್ತಿದ್ದರು. ಮಕ್ಕಳು ಅವರನ್ನು ಕಿಂಡಿ ಮಾಮ ಎಂದು ಕರೆಯುತ್ತಿದ್ದರು, ಮಕ್ಕಳ ತಾಯಂದಿರೂ ಹಾಗೇ ಕರೆಯುತ್ತಿದ್ದರು.

ಅವರನ್ನು ಮೇಡಂ ಹತ್ತಿರ ಕರೆತಂದವರು ಹೆಂಡತಿ ಖಾಸಿಂ ಬೀ. "ಗೊರಕಿ ಹೊಡ್ಯಾದಕ್ಕ ನಾನು ಹೆದರಂಗಿಲ್ರಿ ಅಮ್ಮಾರ. ಗೊರಕಿ ನಿಂತಾಗ ಹೆದರ್ತೀನಿ. ಆಗ ಉಸಿರೂ ನಿಂತಿರ್ತೈತಿ. ಭುಜ ಹಿಡಿದು ಅಲ್ಲಾಡಿಸಿದ್ರ ಮತ್ತ ಬರ್ತೈತಿ. ನಾನು ಮಲಗಂಗ ಇಲ್ರಿ" ಎಂದು ಅವರು ಹೇಳುವಾಗ ದಾವಲ್ ಸಾಬರು ತಲೆ ತಗ್ಗಿಸಿ ಕುಳಿತಿದ್ದರು. ಆಮೇಲೆ ಮೆಲ್ಲಗೆ ತಾವೇ ಬಾಯಿಬಿಟ್ಟರು: "ಮಕ್ಕಳ ಗಾಡಿರಿ ನಂದು. ರೈಲ್ವೆ ಗೇಟ್ ಹಾಕಿದಾಗ ನಿಂದರ್ತೀನಲ್ಲ, ಹಂಗ ಕಣ್ಣು ಮುಚ್ಚಿಬಿಡ್ತಾವ. ಹಿಂದಿನ ಗಾಡಿಯವ್ರು ಹಾರ್ನ್ ಹೊಡದ್ರ ಎಚ್ಚರ. ಯಾರಿಗೂ ಹೇಳಿಲ್ರಿ. ನಿಮಗ ಹೇಳ್ತೀನಿ."

ಮೇಡಂ ಅವರನ್ನು ಬಳ್ಳಾರಿಗೆ ಕಳಿಸಿ ನಿದ್ದೆಯ ಪರೀಕ್ಷೆ ಮಾಡಿಸಿದರು. ನಾಲಿಗೆಯ ಬುಡ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಮುಚ್ಚುತ್ತದೆ ಎಂದು ಗೊತ್ತಾಯಿತು. ಇಂಥವರಿಗೆ ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು ಪಟ್ಟಿ ಮಾಡಿ, ಎರಡನ್ನೂ ಜೋಡಿಸಿ, ಮಲಗಿದಾಗ ಕೆಳದವಡೆ ಸ್ವಲ್ಪ ಮುಂದೆ ನಿಲ್ಲುವಂತೆ ಮಾಡುವ ಸಾಧನವೊಂದಿದೆ. ದವಡೆ ಮುಂದೆ ಬಂದರೆ ನಾಲಿಗೆಯೂ ಮುಂದೆ ಬರುತ್ತದೆ, ಉಸಿರಿಗೆ ದಾರಿಯಾಗುತ್ತದೆ. ಅದನ್ನು ಮಾಡುವುದನ್ನು ಮೇಡಂ ಆಗಷ್ಟೇ ಕಲಿತು ಬಂದಿದ್ದರು. ಸಾಧನ ಕೆಲಸ ಮಾಡುತ್ತದೆಂದು ಇನ್ನೊಂದು ಪರೀಕ್ಷೆಯಿಂದ ಖಾತ್ರಿಯಾಗುವ ತನಕ ವ್ಯಾನು ಮುಟ್ಟಬಾರದು ಎಂದರು. ದಾವಲ್ ಸಾಬರು ಚಕಾರವೆತ್ತದೆ ಒಪ್ಪಿ, ಬೆನ್ನುನೋವೆಂದು ಊರಿಗೆ ಹೇಳಿ, ಗ್ಯಾರೇಜು ನಡೆಸುತ್ತಿದ್ದ ತಮ್ಮನಾದ ಅಸದುಲ್ಲಾನನ್ನು ಗಾಡಿಗೆ ಕೂರಿಸಿದರು. ಮೊದಮೊದಲು ದವಡೆ ನೊಂದಿತು, ಜೊಲ್ಲು ಸುರಿಯಿತು. ಮೇಡಂ ತಿದ್ದಿ ತಿದ್ದಿ ಕೊಟ್ಟರು. ಕೊನೆಗೆ ಬಳ್ಳಾರಿಯ ಪರೀಕ್ಷೆಯಲ್ಲಿ ಉಸಿರು ನೆಟ್ಟಗೆ ಬಂತು. ಖಾಸಿಂ ಬೀ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಆಸ್ಪತ್ರೆಗೆ ಬಂದು "ನಾನೂ ಮಲಗಿದೆ ರೀ ಅಮ್ಮಾರ" ಎಂದಷ್ಟೇ ಹೇಳಿ ಅತ್ತರು. ದಾವಲ್ ಸಾಬರು ಮತ್ತೆ ವ್ಯಾನು ಹತ್ತಿದರು. ಆ ರಸ್ತೆಯಲ್ಲಿ ಅವರಷ್ಟು ಎಚ್ಚರದ ಚಾಲಕ ಇನ್ನೊಬ್ಬರಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಎಲ್ಲ ಅಭಿನಂದನ ಗ್ರಂಥಗಳಲ್ಲೂ ಬರುವಂಥ ಸೊಗಸಾದ ಲೇಖನವಾಗುತ್ತಿತ್ತು.

ಕೊಟ್ಟೂರಿನ ಒಂದು ಕಲ್ಯಾಣ ಮಂಟಪದಲ್ಲಿ ಬಾಯಿಯ ಆರೋಗ್ಯದ ಶಿಬಿರ ಏರ್ಪಟ್ಟಿತ್ತು. ಹೊರಗಿನಿಂದ ವೈದ್ಯರು, ಅಧಿಕಾರಿಗಳು ಬರುವವರಿದ್ದರು. ಈ ಭಾಗದಲ್ಲಿ ಇಂಥ ಸಾಧನವನ್ನು ತಾವೇ ಮೊದಲು ಮಾಡಿದ್ದು ಎಂಬ ಹೆಮ್ಮೆ ಮೇಡಂ ಅವರಿಗಿತ್ತು, ಆ ಹೆಮ್ಮೆಯಲ್ಲಿ ತಪ್ಪೇನೂ ಇರಲಿಲ್ಲ. ತಮ್ಮ ಕೆಲಸವನ್ನು ತೋರಿಸಲು ದಾವಲ್ ಸಾಬರ ಹಲ್ಲಿನ ಪ್ಲಾಸ್ಟರ್ ಅಚ್ಚನ್ನು ಆರಿಸಿಕೊಂಡರು. ಅಷ್ಟು ಚೆನ್ನಾಗಿ ಬಂದ ಅಚ್ಚು ಅವರ ಬಳಿ ಬೇರೊಂದಿರಲಿಲ್ಲ. ತಳದಲ್ಲಿದ್ದ ಹೆಸರನ್ನು ಕೆರೆಯುತ್ತಿದ್ದಾಗ ಅವರ ಸಹಾಯಕ ವೈದ್ಯ ಗುರುಬಸವರಾಜ "ಮೇಡಂ, ಅವರನ್ನ ಒಂದು ಮಾತು ಕೇಳೋಣೇನ್ರಿ?" ಎಂದ.

"ಹೆಸರು ಕೆರದೀನಲ್ಲ ಗುರು. ಪ್ಲಾಸ್ಟರಿನ ತುಂಡು ನೋಡಿ ಇದು ಇಂಥವರದು ಅಂತ ಯಾರಿಗೆ ತಿಳೀತೈತಿ?" ಎಂದರು ಮೇಡಂ.

ಗುರುಬಸವರಾಜನಿಗೂ ಅದು ಸರಿಯೆನಿಸಿತು. ಆತನೂ ಹಲ್ಲಿನ ಡಾಕ್ಟರೇ ತಾನೆ. ದಿನಬೆಳಗಾದರೆ ಹಲ್ಲನ್ನು ಹಲ್ಲಾಗಿ ನೋಡುವವರಿಗೆ, ಊರಿನವರು ಅದನ್ನು ಒಬ್ಬ ಮನುಷ್ಯನ ನಗುವಾಗಿ ನೋಡುತ್ತಾರೆ ಎಂಬುದು ಮರೆತೇ ಹೋಗಿರುತ್ತದೆ. ಕೊಟ್ಟೂರಿನಲ್ಲಿ ದಾವಲ್ ಸಾಬರ ಸಹಿಯನ್ನು ಗುರುತಿಸುವವರು ಒಬ್ಬರೂ ಇರಲಿಕ್ಕಿಲ್ಲ. ಆ ಕಿಂಡಿಯನ್ನು ಗುರುತಿಸದವರು ಯಾರಿದ್ದರು?

ಮೇಡಂ ಅಂದು ಬಹಳ ಚೆನ್ನಾಗಿ ಮಾತಾಡಿದರು. ಅಚ್ಚಿನ ಮೇಲೆ ಸಾಧನವನ್ನು ಕೂರಿಸಿ ತೋರಿಸಿ, "ಈ ಬಾಯಿಯವರು ಗಾಡಿ ನಡೆಸುವವರು, ಸ್ಟೇರಿಂಗ್ ಹಿಡಿದೇ ತೂಕಡಿಸುತ್ತಿದ್ದರು, ಎಷ್ಟು ಜೀವ ಅಪಾಯದಲ್ಲಿದ್ದವು ಯೋಚಿಸಿ" ಎಂದರು. ಚಪ್ಪಾಳೆ ಬಿತ್ತು. ಭಾಷಣ ಮುಗಿದು ಜನ ಮೇಜಿನ ಸುತ್ತ ನೆರೆದಾಗ, ಮಾಲಾ ಎಂಬ ಗೃಹಿಣಿ ಅಚ್ಚಿನ ಮುಂದೆ ನಿಂತವರು ಕದಲಲಿಲ್ಲ. ಅವರ ಇಬ್ಬರು ಮಕ್ಕಳು ಆ ವ್ಯಾನಿನಲ್ಲಿ ಹೋಗುವವರು. "ಇದು ನಮ್ಮ ಕಿಂಡಿ ಮಾಮನ ಹಲ್ಲಲ್ಲೇನ್ರಿ?" ಎಂದು ಪಕ್ಕದವರನ್ನು ಕೇಳಿದರು. ಪಕ್ಕದವರು ಬಗ್ಗಿ ನೋಡಿ ಹೌದೆಂದರು. ಮೇಡಂ ಅಚ್ಚಿನ ಮೇಲೆ ಕೈಯಿಟ್ಟು ಮುಚ್ಚಿದರು. ಮುತ್ತು ಒಡೆದ ಮೇಲೆ ಮುಚ್ಚಿಟ್ಟು ಏನು ಫಲ?

ಆ ವಾರ ಮುಗಿಯುವುದರೊಳಗೆ ದಾವಲ್ ಸಾಬರ ಕೈಯಿಂದ ವ್ಯಾನಿನ ಕೀಲಿ ಹೋಯಿತು. ತಪ್ಪು ಶಾಲೆಯವರದಲ್ಲ, ತಾಯಂದಿರದಂತೂ ಅಲ್ಲವೇ ಅಲ್ಲ. ಮೇಡಂ ಅವರಿಗೆ ಇದು ಗೊತ್ತಾದದ್ದು ಖಾಸಿಂ ಬೀ ಆಸ್ಪತ್ರೆಗೆ ಬಂದು ಸಾಧನದ ಡಬ್ಬಿಯನ್ನು ಮೇಜಿನ ಮೇಲಿಟ್ಟಾಗ. "ಇದನ್ನ ಬಾಯಾಗ ಇಟಗೊಂಡ್ರ ಊರ ಮಂದಿ ಆಡಿದ್ದೆಲ್ಲ ನೆನಪಾಗ್ತೈತಂತ್ರಿ ಅವರಿಗೆ. ವಾಪಸ್ ಕೊಟ್ಟು ಬಾ ಅಂದ್ರು. ಗಾಡಿ ಹೋದ್ರ ಹೋತು, ಅಲ್ಲಾ ಇನ್ನೊಂದು ದಾರಿ ತೋರಿಸ್ತಾನ. ನಾನು ಮಾತ್ರ ಮತ್ತ ಎದ್ದು ಕುಂದರೋದಾತು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮೇಡಂ ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡರು. ಕೆಲಸ ಹೋದದ್ದಕ್ಕಿಂತ ದೊಡ್ಡ ಭಯ ಅವರನ್ನು ಹಿಡಿಯಿತು. ಆ ಮನುಷ್ಯನ ಉಸಿರು ಮತ್ತೆ ನಿಲ್ಲತೊಡಗಿತ್ತು, ಅದಕ್ಕೆ ಕಾರಣ ತಾವು.

ಮಕ್ಕಳ ತಾಯಿತಂದೆಯರ ಸಭೆಗೆ ಮೇಡಂ ತಾವಾಗಿಯೇ ಹೋದರು. ತಪ್ಪು ತಮ್ಮದೆಂದರು, ಸಾಧನ ಹಾಕಿಕೊಂಡರೆ ದಾವಲ್ ಸಾಬರಿಂದ ಯಾವ ಅಪಾಯವೂ ಇಲ್ಲವೆಂದರು. ಮಾಲಾ ಎದ್ದು ನಿಂತು "ಅವರು ತೂಕಡಿಸ್ತಿದ್ರು ಅಂತ ಹೇಳಿದೋರೂ ನೀವ, ಈಗ ಏನೂ ಆಗಂಗಿಲ್ಲ ಅನ್ನೋರೂ ನೀವ. ಮಕ್ಕಳ್ನ ಗಾಡಿ ಹತ್ತಿಸೋರು ನಾವ್ರಿ ಮೇಡಂ" ಎಂದರು. ಮೂವತ್ತು ವರ್ಷ ಜನರ ಬಾಯಿ ತೆರೆಸಿದವರು ಅಂದು ತಮ್ಮ ಬಾಯಿ ಮುಚ್ಚಿಕೊಂಡು ಹೊರಬಂದರು.

ಅಲ್ಲಿಂದ ನೇರ ಅಸದುಲ್ಲಾನ ಗ್ಯಾರೇಜಿಗೆ ಹೋದರು. ದಾವಲ್ ಸಾಬರು ತಮ್ಮನ ಜೊತೆ ಒಂದು ಟ್ರ್ಯಾಕ್ಟರಿನ ಕೆಳಗೆ ಕೆಲಸದಲ್ಲಿದ್ದರು. ಮೇಡಂ ಬಂದದ್ದನ್ನು ನೋಡಿ ಎದ್ದವರು ಮೊದಲು ಮಾಡಿದ ಕೆಲಸವೆಂದರೆ, ಹೆಗಲ ಮೇಲಿನ ಟವೆಲನ್ನು ಎಳೆದು ಬಾಯಿಗೆ ಅಡ್ಡ ಹಿಡಿದದ್ದು. "ಕುಂದರ್ರಿ ಮೇಡಂ. ಚಾ ತರಸ್ತೀನಿ" ಎಂಬ ಮಾತು ಟವೆಲಿನ ಹಿಂದಿನಿಂದ ಬಂತು. ಚಹಾ ಬಂತು. ಮೇಡಂ ಅದನ್ನು ಕುಡಿಯುವಷ್ಟು ಹೊತ್ತೂ ಟವೆಲು ಕೆಳಗಿಳಿಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದು ಮೇಡಂ ಈಗಲೂ ಹೇಳುತ್ತಾರೆ. ತಾವು ತಂದಿದ್ದ ಅಚ್ಚನ್ನು ಮುಂದಿಟ್ಟಾಗ, "ಅದನ್ನ ತಗೊಂಡು ಏನ್ ಮಾಡ್ಲಿರಿ? ಊರೆಲ್ಲ ನೋಡ್ಯಾರ" ಎಂದು ಅವರು ಅದನ್ನು ಮುಟ್ಟಲಿಲ್ಲ. ಸಾಧನದ ಡಬ್ಬಿಯನ್ನು ಮೇಡಂ ಮನೆಗೆ ಒಯ್ದು ಖಾಸಿಂ ಬೀ ಕೈಗಿತ್ತು, "ನನ್ನ ಮ್ಯಾಲಿನ ಸಿಟ್ಟು ನನ್ನ ಮ್ಯಾಲ ಇರಲಿ. ಇದನ್ನ ಹಾಕ್ಕೊಳ್ಳಾಕ ಹೇಳವ್ವ" ಎಂದು ಕೇಳಿಕೊಂಡರು. ಖಾಸಿಂ ಬೀ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದರು.

ಇಟ್ಟಿಗಿಗೆ ಹೋಗಿ ತಾಯಿಯ ಮುಂದೆ ಹೇಳಿಕೊಂಡರೆ ಮನಸ್ಸು ಹಗುರಾದೀತೆಂದು ಹೋದರು. ಬೊಮ್ಮಮ್ಮನವರು ಪೂರ್ತಿ ಕೇಳಿ, "ನನ್ನ ದನದ ಅಂಕಣಕ್ಕ ಹಾಕಿದ್ರು. ನೀ ಅವನ್ನ ಬಜಾರದಾಗ ಹಾಕಿದಿ" ಎಂದರು. ಮಗಳು ಅಲ್ಲಿ ಊಟ ಮಾಡದೆ ಎದ್ದು ಬಂದರು. ಆಮೇಲೆ ಅವರೂ ನಿದ್ದೆಯಲ್ಲಿ ಹಲ್ಲು ಕಡಿಯತೊಡಗಿದರು. ಅವರ ಬಾಯಿಯ ಅಚ್ಚು ತೆಗೆದು ಕವಚ ಮಾಡಿಕೊಟ್ಟವನು ಗುರುಬಸವರಾಜ. ಅಚ್ಚು ತೆಗೆಯುವಾಗ ಮೇಡಂ ಕಣ್ಣು ಮುಚ್ಚಿಕೊಂಡಿದ್ದರು.

ಅಂದಿನಿಂದ ಅವರ ಕೋಣೆಯ ಕಪಾಟಿನಲ್ಲಿ ಯಾರ ಹಲ್ಲಿನ ಅಚ್ಚೂ ಉಳಿಯಲಿಲ್ಲ. ಕೆಲಸ ಮುಗಿದೊಡನೆ "ಇದು ನಿಮ್ಮದು, ಒಯ್ರಿ" ಎಂದು ಆಯಾ ಜನರ ಕೈಗೇ ಕೊಟ್ಟು ಕಳಿಸುವುದು ನಿಯಮವಾಯಿತು. ನಮ್ಮ ಜನಕ್ಕೆ ತಮ್ಮದೇ ಹಲ್ಲಿನ ಗೊಂಬೆಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಬಿದ್ದ ಹಾಲುಹಲ್ಲಿನಂತೆ ಮಾಳಿಗೆಯ ಮೇಲೆ ಎಸೆದವರಿದ್ದರು, ಹೊಲದ ಬದುವಿನಲ್ಲಿ ಹೂತವರಿದ್ದರು. ಹರಪನಹಳ್ಳಿ ಕಡೆಯ ಅಜ್ಜಿಯೊಬ್ಬರು ದೇವರ ಗೂಡಿನಲ್ಲಿಟ್ಟು ವಿಭೂತಿ ಹಚ್ಚುತ್ತಿದ್ದಾರೆಂಬ ಸುದ್ದಿಯೂ ಬಂತು. ಏನಾದರೂ ಮಾಡಿಕೊಳ್ಳಲಿ, ಅದು ಅವರ ಮಾನ, ಅವರ ಮನೆಯಲ್ಲಿರಲಿ ಎನ್ನುತ್ತಿದ್ದರು ಮೇಡಂ. ಒಂದೇ ಒಂದು ಅಚ್ಚು, ಒಡೆಯ ಒಯ್ಯದೆ ಬಿಟ್ಟದ್ದು, ಅವರ ಮೇಜಿನ ಖಾನೆಯಲ್ಲಿ ಬಟ್ಟೆ ಸುತ್ತಿಕೊಂಡು ಬಿದ್ದಿತ್ತು.

ಕೆಲವು ವರ್ಷ ಕಳೆದವು. ಒಂದು ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ದಾವಲ್ ಸಾಬರು ಟವೆಲನ್ನು ಬಾಯಿಗೆ ಅಡ್ಡ ಹಿಡಿದೇ ಒಳಬಂದು, ಡಬ್ಬಿ ತೆರೆದು ಮುಂದಿಟ್ಟರು. "ಸೀಳೈತ್ರಿ ಇದು" ಎಂದರು. ಮೇಡಂ ಎತ್ತಿ ನೋಡಿದರು. ಪಟ್ಟಿ ಹಳದಿಯಾಗಿತ್ತು, ಹಲ್ಲು ಊರಿದಲ್ಲೆಲ್ಲ ಸವೆದಿತ್ತು. ದಿನವೂ ಬಾಯಲ್ಲಿ ಇಟ್ಟುಕೊಳ್ಳದೆ ಯಾವ ಸಾಧನವೂ ಹಾಗೆ ಸವೆಯುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಷ್ಟು ವರ್ಷ ಆ ಮನುಷ್ಯ ಉಸಿರಾಡಿಕೊಂಡಿದ್ದ. ಇಷ್ಟು ವರ್ಷ ಇವರಿಗೆ ತಿಳಿಸಲೂ ಇಲ್ಲ. ತಿಳಿಸಲಿ ಎಂದು ಕೇಳುವ ಹಕ್ಕು ತಮಗಿರಲಿಲ್ಲ ಎಂದು ಮೇಡಂ ಹೇಳುತ್ತಾರೆ.

ಹೊಸದಕ್ಕೆ ಹೊಸ ಅಚ್ಚು ಬೇಕಿತ್ತು. ದಾವಲ್ ಸಾಬರು ಕುರ್ಚಿಯಲ್ಲಿ ಕುಳಿತು ಕಪಾಟಿನ ಕಡೆ ನೋಡಿದರು. ಅದು ಖಾಲಿಯಿತ್ತು. "ಅಚ್ಚು ನಾನ ಒಯ್ತೀನ್ರಿ" ಎಂದರು. "ಒಯ್ರಿ. ಹಳೇದೂ ಐತಿ" ಎಂದರು ಮೇಡಂ. ಆಗ ಟವೆಲು ಕೆಳಗಿಳಿಯಿತು, ಬಾಯಿ ತೆರೆಯಿತು. ಅಚ್ಚಿನ ಹಿಟ್ಟು ಕಲಸುವಾಗ ಮೇಡಂ ನೀರಿನ ಅಳತೆ ತಪ್ಪಿದರು, ಮೊದಲ ಸಲದ್ದು ಕೆಟ್ಟುಹೋಯಿತು, ಎರಡನೆಯ ಸಲ ಕಲಸಬೇಕಾಯಿತು. ಸಾಧನ ಸಿದ್ಧವಾದ ದಿನ ದಾವಲ್ ಸಾಬರು ಎರಡೂ ಅಚ್ಚುಗಳನ್ನು ಟವೆಲಿನಲ್ಲಿ ಗಂಟು ಕಟ್ಟಿಕೊಂಡು ಹೋದರು. ಅಂದು ಬಾಯಿಗೆ ಅಡ್ಡ ಹಿಡಿಯಲು ಟವೆಲಿರಲಿಲ್ಲ.

ಈ ಲೇಖನ ಅಚ್ಚಿಗೆ ಹೋಗುವ ಮುನ್ನ ಮೇಡಂ ಇನ್ನೊಂದು ಮಾತು ಹೇಳಿದ್ದರು: "ಅವರನ್ನ ಕೇಳದ ಒಂದಕ್ಷರ ಹಾಕಬ್ಯಾಡ್ರಿ. ಇನ್ನೊಂದ್ ಸಲ ಮೇಜಿನ ಮ್ಯಾಲ ಇಟ್ಟಂಗ ಆಗ್ತೈತಿ." ಅದರಂತೆ ಗುರುಬಸವರಾಜ ಗ್ಯಾರೇಜಿಗೆ ಹೋಗಿ, ಬರೆದದ್ದನ್ನೆಲ್ಲ ದಾವಲ್ ಸಾಬರ ಮುಂದೆ ಓದಿದ. ಅವರು ಕೈ ಒರೆಸಿಕೊಳ್ಳುತ್ತ ಕೇಳಿದರು. ಹೋಳಿಗೆಯೊಡನೆ ಕವಚ ಜಗಿದವರ ಪ್ರಸಂಗ ಬಂದಾಗ ನಕ್ಕರು, ತಮ್ಮದು ಬಂದಾಗ ಕೈ ತಾನಾಗಿ ಬಾಯಿಗೆ ಹೋಯಿತು. ಓದಿ ಮುಗಿದ ಮೇಲೆ, ಹೆಸರು ಬದಲಿಸೋಣವೇ ಎಂದು ಗುರುಬಸವರಾಜ ಕೇಳಿದ.

"ಹೆಸರು ಇರಲಿ ಬಿಡ್ರಿ. ಹೆಸರಿಲ್ಲದಾಗ ಏನಾತು ಅಂತ ನೋಡೀವಲ್ಲ" ಎಂದರು ದಾವಲ್ ಸಾಬರು. ಕೈ ಒರೆಸುವ ಬಟ್ಟೆಯನ್ನು ಮಡಚಿಟ್ಟು, "ನಾನು ಮಾಫ್ ಮಾಡೀನಿ ಅಂತ ಮಾತ್ರ ಬರೀಬ್ಯಾಡ್ರಿ. ಮಕ್ಕಳು ಈಗೂ ಆ ಗಾಡ್ಯಾಗ ಹೊಕ್ಕಾವ, ನಾನು ನೋಡ್ಕೊಂತ ನಿಂದರ್ತೀನಿ. ಅಚ್ಚು ಕೊಟ್ರು, ತಗೊಂಡೀನಿ. ಅಷ್ಟ ಬರೀರಿ" ಎಂದರು. ಅಷ್ಟನ್ನೇ ಬರೆದಿದ್ದೇವೆ.

ಹಿರಿಯರ ಆಯುರಾರೋಗ್ಯವನ್ನು ಕೋರಿ ಮುಗಿಸುವುದು ಇಂಥ ಲೇಖನದ ಸಂಪ್ರದಾಯ. ಡಾ. ದುರ್ಗಾದೇವಿಯವರು ಹಗರಿಬೊಮ್ಮನಹಳ್ಳಿಯ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕುಕ್ಕರನ್ನು ಮತ್ತೆ ಒಲೆಯ ಮೇಲಿಟ್ಟಿದ್ದಾರೆ ಎಂಬುದು ನಮಗೆಲ್ಲ ಸಂತೋಷದ ಸಂಗತಿ. ಅವರಿಗೆ ಏನು ಹಾರೈಸಬೇಕೆಂದು ನಾವು ಹುಡುಕುತ್ತಿದ್ದ ಮಾತನ್ನು ಗುರುಬಸವರಾಜ ಗ್ಯಾರೇಜಿನಿಂದಲೇ ತಂದಿದ್ದಾನೆ. ಅವನು ಹೊರಟು ಬೈಕ್ ಹತ್ತಿದ ಮೇಲೆ ದಾವಲ್ ಸಾಬರು ಹಿಂದಿನಿಂದ ಕರೆದು ಹೇಳಿದರಂತೆ:

"ಈ ಸಾಮಾನು ಇನ್ನ ನಾಕೈದು ವರ್ಷ ಬರ್ತೈತಂತ. ಆಮ್ಯಾಲಿಂದೂ ನಾನು ಅವರ ಕಡೀನ ಮಾಡಿಸ್ಕೊಳ್ಳೋದು, ಬ್ಯಾರೆಯವ್ರ ಮುಂದ ಬಾಯಿ ತೆಗಿಯಂಗಿಲ್ಲ. ಅಲ್ಲೀತನಾ ಗಟ್ಟಿ ಇರಾಕ ಹೇಳ್ರಿ ಅವರಿಗೆ."